ಕರೆಂಟಿನ ನೀರು

ಕರೆಂಟಿನ ನೀರು ಮೈಗೆ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಇದು ಅಭಿಪ್ರಾಯವಾಗಿರಲಿಲ್ಲ, ತೀರ್ಪಾಗಿತ್ತು. ತೀರ್ಪು ಕೊಟ್ಟವಳು ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಗೀಸರಿನಲ್ಲಿ ಕಾದ ನೀರು ಮೇಲೆ ಮೇಲೆ ಬಿಸಿ, ಮಿಂದು ಬಂದು ತಲೆ ಒರೆಸುವುದರೊಳಗೆ ಮೈ ತಣ್ಣಗಾಗುತ್ತದೆ, ಹಂಡೆಯ ನೀರಾದರೆ ಎಲುಬಿನವರೆಗೆ ಇಳಿಯುತ್ತದೆ ಎಂಬುದು ಅವಳ ವಾದ. ಬಿಜೂರಿನಲ್ಲಿ ನಮ್ಮ ಆಚೀಚೆ ಮನೆಗಳಲ್ಲಿ ಕೇಳಿದರೂ ಇದನ್ನೇ ಹೇಳುತ್ತಿದ್ದರು. ಕೂದಲು ಉದುರುತ್ತದೆ ಎಂದು ಸೇರಿಸುವವರೂ ಇದ್ದರು.

ನಾನು ಕುಂದಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಿಂದ ಚರ್ಚಾಸ್ಪರ್ಧೆಗೆ ಓಡಾಡಿ ಬೆಳೆದವಳು. ಒಂದು ಮಾತು ಹೇಳಿದರೆ ಅದನ್ನು ಸಾಬೀತು ಮಾಡುವ ಹೊರೆ ಹೇಳಿದವರದ್ದು ಎಂದು ಅಲ್ಲಿ ಕಲಿಸಿದ್ದರು. ಆ ನಿಯಮವನ್ನು ನಾನು ಮನೆಗೂ ತಂದದ್ದರಿಂದ ನಮ್ಮಲ್ಲಿ ಊಟ ಯಾವಾಗಲೂ ತಡವಾಗುತ್ತಿತ್ತು.

"ನೀರಿಗೆ ತನ್ನನ್ನ್ ಕಾಯ್ಸದ್ ಯಾರಂದೇಳಿ ಹ್ಯಾಂಗ್ ಗೊತ್ತಾತ್ತ್ ದೊಡ್ಡಮ್ಮ? ಬೆಂಕಿ ಕಾಯ್ಸಿರೂ ಬಿಸಿ, ಕರೆಂಟ್ ಕಾಯ್ಸಿರೂ ಬಿಸಿ."

"ಅನ್ನಕ್ಕೆ ಗೊತ್ತಾತಿಲ್ಯಾ? ಕಟ್ಗಿ ಒಲಿ ಅನ್ನವೂ ಗ್ಯಾಸಿನ್ ಅನ್ನವೂ ಒಂದೇ ರುಚಿಯಾ?"

"ಅದಕ್ಕೆ ಹೊಗಿ ವಾಸ್ನಿ ಸೇರತ್ತ್. ನೀರನ್ನ ಎಂತ ಯಾರಾರೂ ಉಂಬುಕಿತ್ತಾ?"

"ನೀ ಮೊದ್ಲ್ ತಲಿಗೊಂದ್ ಚೂರ್ ಎಣ್ಣಿ ಹಾಕ್ಕೋ. ಬಿಸಿ ಏರಿದ್ ನೀರಿಗಲ್ಲ, ನಿನ್ ತಲಿಗೆ."

ಅಡುಗೆಮನೆಯಿಂದ ಅಮ್ಮ ನಗುತ್ತಿದ್ದಳು. ಅಪ್ಪಯ್ಯ ತಟ್ಟೆ ಮುಂದಿಟ್ಟುಕೊಂಡು ನ್ಯಾಯಾಧೀಶರಂತೆ ಸುಮ್ಮನಿರುತ್ತಿದ್ದರು. ಹೀಗೆ ನಗೆಯಲ್ಲಿ ಮುಗಿಯುತ್ತಿದ್ದ ವಾದವೊಂದು ಕೊನೆಗೆ ನಗೆಯಾಗಿ ಉಳಿಯಲಿಲ್ಲ. ಕಾರಣ ಹೇಳಬೇಕಾದರೆ ಮೊದಲು ನಮ್ಮ ಬಚ್ಚಲಿನ ವಿಷಯ ಹೇಳಬೇಕು.

ಬಚ್ಚಲು ಮನೆಯ ಹಿಂದೆ, ಬಾವಿಕಟ್ಟೆಗೆ ತಾಗಿಕೊಂಡಂತೆ. ಅಲ್ಲಿ ಮಣ್ಣಿನ ಒಲೆಯೊಳಗೆ ಕುತ್ತಿಗೆಯವರೆಗೆ ಹೂತು ಕೂರಿಸಿದ ದೊಡ್ಡ ತಾಮ್ರದ ಹಂಡೆ. ಒಲೆಯ ಬಾಯಿಯೂ ಬಚ್ಚಲಿನ ಒಳಗೇ ಇತ್ತು, ಮೀಯುವವರಿಗೆ ಬೆಚ್ಚಗಿರಲಿ ಎಂದು. ಉರುವಲು ನಮ್ಮದೇ ತೋಟದ್ದು: ತೆಂಗಿನ ಸಿಪ್ಪೆ, ಗೆರಟೆ ಎನ್ನುವ ಚಿಪ್ಪು, ಒಣಗಿದ ಗರಿಯ ಮಡಲು. ಬೇಸಿಗೆಯಲ್ಲಿ ಚೆನ್ನಾಗಿ ಉರಿಯುವ ಇವೇ ಮಳೆ ಹಿಡಿದರೆ ಹೊಗೆಯುಗುಳುತ್ತಿದ್ದವು. ಆ ಹೊಗೆಯ ನಡುವೆ ಊದುಕೊಳವೆ ಹಿಡಿದು ಕೂರುತ್ತಿದ್ದವಳು ದೊಡ್ಡಮ್ಮ. ಬೆಂಕಿ ಹೊತ್ತಿಸುವ ಮೊದಲು ಒಲೆಯ ಬಾಯಿಗೆ ಕೈ ಮುಗಿಯುವುದು, ಆಮೇಲೆ ಊದುವುದು, ಕೆಮ್ಮುವುದು, ಮತ್ತೆ ಊದುವುದು. ನಾನು ಹುಟ್ಟುವ ಮೊದಲೇ ಈ ಮನೆಗೆ ಬಂದವಳು ಅವಳು. ನಾವು ಬೆಳಿಗ್ಗೆ ಏಳುವಾಗ ನೀರು ಕಾದಿರುತ್ತಿತ್ತು. ಕಾದಿರುತ್ತಿತ್ತು ಎಂದು ಎಷ್ಟು ಸಲೀಸಾಗಿ ಬರೆದೆ ನೋಡಿ, ನೀರು ತಾನಾಗಿ ಕಾಯುತ್ತದೆಂಬಂತೆ.

ಮನೆಯಲ್ಲಿ ಹೆರಿಗೆಯಾದರೆ ಆ ಬಚ್ಚಲು ಅವಳ ರಾಜ್ಯ. ಬಾಣಂತಿಯ ಮೈಗೆಲ್ಲ ಎಣ್ಣೆ ಅರಿಶಿನ ತಿಕ್ಕಿ, ಹಂಡೆಯಿಂದ ಬಿಸಿಬಿಸಿ ನೀರನ್ನು ಮೊಗೆದು ಮೊಗೆದು ಸೊಂಟಕ್ಕೆ, ಬೆನ್ನಿಗೆ ಬಹಳ ಹೊತ್ತು ಹೊಯ್ಯಬೇಕು. ಮಗುವನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಮೀಸಬೇಕು. ನನ್ನಕ್ಕನನ್ನು, ನನ್ನನ್ನು, ಆಚೆಮನೆ ಈಚೆಮನೆಯ ಮಕ್ಕಳನ್ನು ಹೀಗೆ ಮೊದಲ ಸಲ ಮೀಸಿದವಳು ಅವಳೇ.

ಕಳೆದ ವರ್ಷ ಮಳೆಗಾಲ ಶುರುವಾಗುತ್ತಲೇ ಅವಳಿಗೆ ಉಸಿರಾಡಲಾಗದೆ ಕುಂದಾಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳೇನೂ ಬೀಡಿ ಸೇದಿದವಳಲ್ಲ, ಒಲೆ ಊದಿದವಳು. ಡಾಕ್ಟರು ಬಿಡುವಾಗ ಮದ್ದಿನ ಜೊತೆಗೆ ಒಂದು ಮಾತು ಹೇಳಿದರು: ಇನ್ನು ಹೊಗೆಯ ಹತ್ತಿರ ಸುಳಿಯಬಾರದು. ಅಪ್ಪಯ್ಯ ಕೂಡಲೇ ಬಚ್ಚಲಿಗೆ ಗೀಸರ್ ಹಾಕಿಸಿದರು. ದೊಡ್ಡಮ್ಮ ಅದರ ನೀರಿನಲ್ಲಿ ಮಿಂದು ಹೊರಗೆ ಬಂದವಳೇ ಆ ತೀರ್ಪು ಕೊಟ್ಟಳು. ಅಂದಿನಿಂದ ನಾವೆಲ್ಲ ಗೀಸರಿನ ನೀರಿನಲ್ಲಿ ಮೀಯುವುದು, ಅವಳಿಗೆಂದು ಅಪ್ಪಯ್ಯನೋ ಅಮ್ಮನೋ ಹಂಡೆಗೆ ಬೆಂಕಿ ಹಾಕುವುದು, ಹೊಗೆ ಪೂರಾ ಹೋದ ಮೇಲೆ ದೊಡ್ಡಮ್ಮ ಬಚ್ಚಲಿಗೆ ಹೋಗುವುದು, ಅಷ್ಟರಲ್ಲಿ ನೀರು ಉಗುರುಬೆಚ್ಚಗಾಗುವುದು, ಹೀಗೆ ನಡೆಯುತ್ತಿತ್ತು.

ಅಷ್ಟರಲ್ಲಿ ಬ್ರಹ್ಮಾವರದಲ್ಲಿರುವ ಅಕ್ಕನಿಗೆ ದಿನ ತುಂಬುತ್ತಾ ಬಂತು. ಹೆರಿಗೆ ಆಸ್ಪತ್ರೆಯಲ್ಲಿ, ಬಾಣಂತನ ನಮ್ಮಲ್ಲಿ ಎಂದು ತೀರ್ಮಾನವಾಗಿತ್ತು. ಒಂದು ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಾ ಅಮ್ಮ ಮಾತು ತೆಗೆದಳು.

"ಹೆಮ್ಮಾಡಿ ಊರಂಗೆ ಬಾಣಂತಿ ಮೀಸುಕೆ ಬಪ್ಪೋರ್ ಒಬ್ರ್ ಇದ್ರಂಬ್ರ್. ಅವ್ರಿಗ್ ಹೇಳಿಡ್ವ ಅಂದೇಳಿ."

ದೊಡ್ಡಮ್ಮ ಬಾಳೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಅದೆಂತಕೆ? ನಾ ಸತ್ತಿದ್ನಾ?"

"ಅಕ್ಕಾ, ಹಾಂಗಲ್ಲ. ಹಂಡಿ ತುಂಬ ನೀರ್ ಕಾಯ್ಕ್. ನೀರ್ ಹೊಯ್ತಾ ಇದ್ದಂಗೇ ಬೆಂಕಿ ದೂಡ್ತಾ ಇರ್ಕ್. ಹೊಗಿಯಂಗೆ ನೀ ಕೂಕಂಬುಕಾತ್ತಾ?"

"ಅವ್ಳ್ ಹುಟ್ಟಿದಾಗ ಮೀಸದ್ ಹೆಮ್ಮಾಡಿಯವ್ರಾ?"

"ನೀನೇ. ಆಗ ನಿಂಗೆ ದಮ್ಮ್ ಕಟ್ಟುದ್ ಇರ್ಲಿಲ್ಲ."

ಬಾಳೆಕಾಯಿ ಹೆಚ್ಚುವ ಸದ್ದು ನಿಂತಿತು. ಸಾಮಾನ್ಯವಾಗಿ ದೊಡ್ಡಮ್ಮ ಒಂದಕ್ಕೆ ಎರಡು ಮಾತು ಆಡುವವಳು. ಅವತ್ತು ಹೆಚ್ಚಿದ ಬಾಳೆಕಾಯಿಯನ್ನು ನೀರಿಗೆ ಹಾಕಿ ಎದ್ದು ಹೋದಳು.

ಮಾರನೆಯ ದಿನ ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಹೋದ ನನಗೆ ಬಚ್ಚಲಿನ ಹಂಚಿನ ಸಂದಿಯಿಂದ ಹೊಗೆ ಬರುವುದು ಕಂಡಿತು. ಆ ಹೊತ್ತಿನಲ್ಲಿ ಯಾರೂ ಮೀಯುವುದಿಲ್ಲ. ಒಳಗೆ ನೋಡಿದರೆ ದೊಡ್ಡಮ್ಮ ಒಲೆಯ ಮುಂದೆ ಕೂತಿದ್ದಾಳೆ, ಒಂದು ಕೈಯಲ್ಲಿ ಊದುಕೊಳವೆ, ಇನ್ನೊಂದು ಕೈ ಗೋಡೆಗೆ. ಎರಡು ಸಿಪ್ಪೆ ಹೊಗೆಯಾಡುತ್ತಿವೆ. ಎದೆ ಮೇಲೆ ಕೆಳಗೆ ಆಗುತ್ತಿದೆ, ಗಂಟಲಿನಲ್ಲಿ ಸಿಳ್ಳೆಯಂಥ ಸದ್ದು. ನಾನು ಹಿಡಿದೆಬ್ಬಿಸಿ ಹೊರಗೆ ತಂದು ಬಾವಿಕಟ್ಟೆಯಲ್ಲಿ ಕೂರಿಸಿ, ಅವಳು ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧಿಯ ಪಂಪನ್ನು ಓಡಿ ತಂದೆ. ಉಸಿರು ಒಂದು ಹದಕ್ಕೆ ಬರಲು ಬಹಳ ಹೊತ್ತು ಬೇಕಾಯಿತು.

"ಅಮ್ಮನ್ ಹತ್ರ ಹೇಳ್ಬೇಡ," ಅಂದಳು.

"ಎಂತಕ್ ಹೀಂಗ್ ಮಾಡಿದ್ದ್ ನೀ?"

"ಆತ್ತಾ ಇಲ್ಯಾ ಅಂದೇಳಿ ಒಂದ್ಸಲ ಕಾಂಬ ಅಂತ."

"ಆಯ್ತಾ?"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ಹೊಗೆಯ ನೀರೇ ಇರಬಹುದು. ನಾನು ಆ ಬಗ್ಗೆ ಪುರಾವೆ ಕೇಳಲಿಲ್ಲ.

ಅವತ್ತು ನಾನು ಅವಳ ವಕಾಲತ್ತು ವಹಿಸಿಕೊಂಡೆ. ಅಕ್ಕನನ್ನು ಮೀಸುವುದು ದೊಡ್ಡಮ್ಮನೇ, ಆದರೆ ಹೊಗೆ ಇರಬಾರದು. ಹಾಗಾದರೆ ನೀರು ಕಾಯಿಸಬೇಕಾದ್ದು ಕರೆಂಟು. ತೊಡಕು ಏನೆಂದರೆ, ಕರೆಂಟಿನ ನೀರನ್ನು ಬಾಣಂತಿಯ ಮೈಗೆ ತಾಗಿಸಲು ಒಪ್ಪದವಳೂ ದೊಡ್ಡಮ್ಮನೇ. ಯಾರ ಪರವಾಗಿ ವಾದಿಸಬೇಕೋ ಅವರನ್ನೇ ಎದುರಿಗೆ ಕೂರಿಸಿಕೊಂಡು ಗೆಲ್ಲಬೇಕಾದ ಸ್ಪರ್ಧೆಗೆ ನಾನು ಅದುವರೆಗೆ ಹೋಗಿರಲಿಲ್ಲ.

ಅಕ್ಕ ಮಗುವಿನ ಸಾಮಾನುಗಳನ್ನು ಮೊದಲೇ ಕಳಿಸಿಕೊಟ್ಟಿದ್ದಳು. ಅದರಲ್ಲಿ ಬಾತುಕೋಳಿಯ ಆಕಾರದ ಪ್ಲಾಸ್ಟಿಕ್ ಉಷ್ಣಮಾಪಕವೊಂದಿತ್ತು, ನೀರಿನಲ್ಲಿ ತೇಲಿಬಿಟ್ಟರೆ ಹೊಟ್ಟೆಯ ಮೇಲೆ ಅಂಕಿ ಕಾಣುವಂಥದ್ದು. ಒಂದು ಮಧ್ಯಾಹ್ನ ಊಟವಾದ ಮೇಲೆ ಅಪ್ಪಯ್ಯನನ್ನು ಒಪ್ಪಿಸಿ ಹಂಡೆಯಲ್ಲಿ ಸ್ವಲ್ಪ ನೀರು ಕಾಯಿಸಿದೆ. ಗೀಸರನ್ನೂ ಹಾಕಿದೆ. ಎರಡು ಬಕೆಟ್ ನೀರನ್ನು ಹೊರಗಿನ ಜಗಲಿಗೆ ತಂದು, ತಣ್ಣೀರು ಬೆರೆಸಿ, ಬಾತುಕೋಳಿಯನ್ನು ಆ ಬಕೆಟ್ಟಿಗೂ ಈ ಬಕೆಟ್ಟಿಗೂ ಹಾರಿಸಿ ಎರಡನ್ನೂ ಒಂದೇ ಅಂಕಿಗೆ ತಂದೆ. ದೊಡ್ಡಮ್ಮನನ್ನು ಕರೆದೆ.

"ಕಣ್ ಮುಚ್ಚಿ ಎರಡ್ರಂಗೂ ಕೈ ಹಾಕ್. ಕರೆಂಟಿನ್ ನೀರ್ ಯಾವ್ದ್ ಹೇಳ್."

"ಇದೆಂತ ಮಾರಾಯ್ತಿ, ಮಕ್ಕಳಾಟ?"

"ಹೆದ್ರಿಕಿಯಾ?"

ಆ ಮಾತು ಸಾಕಾಯಿತು. ಅವಳು ಬಳೆ ಮೇಲೆ ಸರಿಸಿ ಎರಡೂ ಕೈಗಳನ್ನು ಮೊಣಕೈಯವರೆಗೆ ಮುಳುಗಿಸಿದಳು. ಸುಮಾರು ಹೊತ್ತು ಹಾಗೇ ಕೂತಳು. ಅಪ್ಪಯ್ಯ ಪತ್ರಿಕೆ ಕೆಳಗಿಟ್ಟರು. ಅಮ್ಮ ಬಾಗಿಲಿಗೆ ಬಂದು ನಿಂತಳು. ನನ್ನ ಬಾಯಲ್ಲಿ ವಿಜಯದ ಭಾಷಣ ಸಿದ್ಧವಾಗಿತ್ತು.

ದೊಡ್ಡಮ್ಮ ಕಣ್ಣು ಬಿಟ್ಟಳು. "ಎರಡೂ ಒಂದೇ."

"ಹಾಂಗಾರೆ ಒಪ್ಕಂಡ್ಯಾ?"

"ಇದನ್ನ ಒಪ್ಕಂಡೆ. ಆರೆ ನೀ ಒಂದ್ ಹೇಳ್. ನಿನ್ ಗೀಸರ್ ಇಷ್ಟ್ ಬಿಸಿ ನೀರ್ ಯಾವತ್ತ್ ಕೊಟ್ಟಿತ್ತ್? ದಿನಾ ಬೆಳಿಗ್ಗೆ ಬಪ್ಪುದ್ ಉಗುರ್‌ಬೆಚ್ಚ. ಇವತ್ ಇದಕ್ಕೆಂತ ಹಬ್ಬವಾ?"

ನನ್ನ ಭಾಷಣ ಅಲ್ಲೇ ಬಿತ್ತು. ಅವಳು ಹೇಳಿದ್ದು ನಿಜ. ಆ ಮಧ್ಯಾಹ್ನದ ನೀರು ಕೈ ಸುಡುವಷ್ಟು ಕಾದಿತ್ತು, ನಾನೇ ತಣ್ಣೀರು ಬೆರೆಸಿ ಇಳಿಸಿದ್ದೆ. ಅದೇ ಗೀಸರ್, ಅದೇ ಬಾವಿ, ಸುಮಾರು ಅಷ್ಟೇ ಹೊತ್ತು. ಬೆಳಿಗ್ಗೆ ಯಾಕೆ ಹಾಗೆ ಬರುವುದಿಲ್ಲ? ಇಷ್ಟು ದಿನ ನಾನು ಅವಳ ವಿವರಣೆಯನ್ನು ಖಂಡಿಸುತ್ತಿದ್ದೆ, ಅವಳ ಮೈಗೆ ಆದ ಅನುಭವವನ್ನು ಕೇಳಿಯೇ ಇರಲಿಲ್ಲ. ವಿವರಣೆ ತಪ್ಪಿರಬಹುದು, ಚಳಿಯಾದದ್ದು ಸುಳ್ಳಲ್ಲವಲ್ಲ. ವೇದಿಕೆಯ ಮೇಲೆ ಎದುರಾಳಿಗಳಿಂದ ನನಗೆ ಎಷ್ಟೋ ಪ್ರಶ್ನೆಗಳು ಬಂದಿವೆ. ಅವುಗಳಲ್ಲಿ ಯಾವುದಕ್ಕೂ ನಾನು ಈ ಪ್ರಶ್ನೆಗಿರುವಷ್ಟು ಋಣಿಯಲ್ಲ.

ಮರುದಿನ ಬೆಳಿಗ್ಗೆ ನಾನು ಗೀಸರಿನ ಹಿಂದೆ ಬಿದ್ದೆ. ಅಂದರೆ ಗೀಸರನ್ನಲ್ಲ, ಅಡುಗೆಮನೆಯ ಫ್ರಿಜ್ಜಿನ ಸ್ಟೆಬಿಲೈಸರನ್ನು ನೋಡುತ್ತಾ ನಿಂತೆ. ಅದರ ಮೇಲೆ ಕೆಂಪು ಅಂಕಿಗಳಲ್ಲಿ ಮನೆಗೆ ಬರುತ್ತಿರುವ ವೋಲ್ಟೇಜ್ ಕಾಣುತ್ತದೆ. ನಾವೆಲ್ಲ ದಿನಕ್ಕೆ ಹತ್ತಾರು ಸಲ ನೋಡಿಯೂ ನೋಡದ ಅಂಕಿ. ಆಗ ಇನ್ನೂರ ಇಪ್ಪತ್ತರ ಆಸುಪಾಸಿನಲ್ಲಿತ್ತು. ಅಮ್ಮ ಬಚ್ಚಲಿನ ಕಡೆ ಹೋದಳು. ಬಾವಿಯ ಮೋಟರ್ ಗುರ್ ಎಂದಿತು, ಅಂಕಿ ದಡಕ್ಕನೆ ಇಳಿಯಿತು. ಗೀಸರಿನ ಸ್ವಿಚ್ ಟಕ್ ಎಂದಿತು, ಅಂಕಿ ಇನ್ನೂ ಇಳಿದು ನೂರ ಅರುವತ್ತೈದಕ್ಕೆ ಬಂದು ನಿಂತಿತು. ಅಡುಗೆಮನೆಯ ಫ್ಯಾನ್ ನಿದ್ದೆ ಬಂದಂತೆ ತಿರುಗತೊಡಗಿತು.

"ಅಮ್ಮಾ, ಮೋಟರ್ ಎಂತಕ್ ಹಾಕಿದ್ದ್?"

"ಗೀಸರ್ ಹಾಕಿರೆ ಮೋಟರ್ ಹಾಕ್ಕಲ್ದಾ?" ನಾನು ಸೂರ್ಯ ಯಾಕೆ ಮೂಡುತ್ತದೆ ಎಂದು ಕೇಳಿದೆನೇನೋ ಎಂಬಂತೆ ಅಮ್ಮ ನೋಡಿದಳು. "ಟ್ಯಾಂಕಿನಂಗೆ ನೀರ್ ಖಾಲಿಯಾಯಿ ಗೀಸರ್ ಸುಟ್ಟ್ ಹೋರೆ? ತಲ್ಲೂರ್ ಚಿಕ್ಕಿ ಮನಿಯಂಗೆ ಆಯ್ಲಿಲ್ಯಾ? ಹೊಗಿ ಬಂತಂಬ್ರ್!"

ಗುಟ್ಟು ಇಷ್ಟೇ ಆಗಿತ್ತು. ತಲ್ಲೂರಿನಲ್ಲಿ ಚಿಕ್ಕಮ್ಮನ ಮನೆಯ ಗೀಸರ್ ಯಾವ ಕಾಲದಲ್ಲೋ ಸುಟ್ಟುಹೋದದ್ದಕ್ಕೆ ಬಿಜೂರಿನ ನಮ್ಮ ಮನೆಯಲ್ಲಿ ಒಂದು ವ್ರತ ಹುಟ್ಟಿಕೊಂಡಿತ್ತು: ಗೀಸರ್ ಉರಿಯುವಷ್ಟು ಹೊತ್ತೂ ಮೋಟರ್ ಓಡಬೇಕು. ನಾನು ಮಧ್ಯಾಹ್ನ ನೀರು ಕಾಯಿಸಿದಾಗ ಟ್ಯಾಂಕ್ ತುಂಬಿತ್ತು, ಮೋಟರ್ ಹಾಕುವುದು ನನಗೆ ನೆನಪೂ ಆಗಿರಲಿಲ್ಲ. ಅದಕ್ಕೇ ಗೀಸರಿಗೆ ಅವತ್ತು ಹಬ್ಬ.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಓದುವವರು ಸಹಿಸಿಕೊಳ್ಳಬೇಕು. ಕಂಬದಿಂದ ನಮ್ಮ ಮನೆಗೆ ತೆಂಗಿನ ತೋಟ ದಾಟಿ ಬರುವ ವೈರ್ ಹಳೆಯದು, ಸಪೂರದ್ದು. ಎರಡು ಬಲ್ಬು ಒಂದು ಫ್ಯಾನ್ ಇದ್ದ ಕಾಲಕ್ಕೆ ಎಳೆದದ್ದು. ಸಪೂರ ವೈರಿನಲ್ಲಿ ಕರೆಂಟು ಹೆಚ್ಚು ಹರಿದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಮೋಟರೂ ಗೀಸರೂ ಒಟ್ಟಿಗೆ ಎಳೆದರೆ ಇಬ್ಬರಿಗೂ ಹೊಟ್ಟೆ ತುಂಬುವುದಿಲ್ಲ. ಗೀಸರಿನಂಥ ಕಾಯಿಸುವ ಸಾಮಾನಿಗೆ ಇನ್ನೂ ಒಂದು ಕಷ್ಟವಿದೆ. ವೋಲ್ಟೇಜ್ ಮುಕ್ಕಾಲಿಗೆ ಇಳಿದರೆ ಶಾಖವೂ ಮುಕ್ಕಾಲಾಗುತ್ತದೆ ಎಂದು ನಮಗೆ ಅನಿಸುತ್ತದೆ. ಹಾಗಲ್ಲ. ವೋಲ್ಟೇಜ್ ಇಳಿದಾಗ ಹರಿಯುವ ಕರೆಂಟೂ ಇಳಿಯುವುದರಿಂದ, ಎರಡೂ ಸೇರಿ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಕಾಲು ಗಂಟೆಯಲ್ಲಿ ಕಾಯಬೇಕಾದ ನೀರಿಗೆ ಅರ್ಧ ಗಂಟೆ ಬೇಕು. ಅಮ್ಮನೋ, ಕಾಲು ಗಂಟೆಗೆ ಸರಿಯಾಗಿ ಗೀಸರ್ ಬಂದ್ ಮಾಡಿ ಎಲ್ಲರನ್ನೂ ಮೀಯಲು ಕಳಿಸುವವಳು. ಶಾಕ್ ಹೊಡೆದೀತೆಂದು ಮೀಯುವ ಮೊದಲು ಬಂದ್ ಮಾಡುವುದು ಒಳ್ಳೆಯ ಅಭ್ಯಾಸವೇ. ಆದರೆ ಅರ್ಧ ಕಾದ ನೀರಿಗೆ ಬಂದ ಹೆಸರು ಕರೆಂಟಿನ ನೀರು.

ಈ ಹುಡುಕಾಟದಲ್ಲಿ ನನಗೂ ಒಂದು ವಿಷಯ ಮೊದಲ ಸಲ ತಲೆಗೆ ಇಳಿಯಿತು. ವ್ಯಾಟ್ ಎಂಬುದು ಶಕ್ತಿ ಎಷ್ಟು ಬೇಗ ಖರ್ಚಾಗುತ್ತಿದೆ ಎಂಬುದರ ಅಳತೆ. ಯೂನಿಟ್ ಎಂಬುದು ಒಟ್ಟು ಎಷ್ಟು ಖರ್ಚಾಯಿತು ಎಂಬುದರ ಅಳತೆ. ನಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಎಂಬುದು ಒಂದು, ಬಕೆಟ್ ಎಷ್ಟು ತುಂಬಿತು ಎಂಬುದು ಇನ್ನೊಂದು. ನಮ್ಮ ಮನೆಯಲ್ಲಿ ಯಾರಾದರೂ ಚಾವಡಿಯ ಬಲ್ಬು ಆರಿಸದೆ ಎದ್ದರೆ ಅಮ್ಮ ಕೂಗಿ ಮನೆ ಎತ್ತುತ್ತಾಳೆ. ಆ ಸಣ್ಣ ಎಲ್‌ಇಡಿ ಬಲ್ಬು ಎರಡು ಹಗಲು ಎರಡು ರಾತ್ರಿ ಬಿಡದೆ ಉರಿದರೂ, ಗೀಸರ್ ಕಾಲು ಗಂಟೆಯಲ್ಲಿ ನುಂಗುವಷ್ಟು ಶಕ್ತಿ ಅದಕ್ಕೆ ಬೇಕಾಗುವುದಿಲ್ಲ. ಬೆಳಕು ಅಗ್ಗ, ಬಿಸಿನೀರು ದುಬಾರಿ. ಮನೆಯಲ್ಲಿ ನಾವು ಮಾಡುವ ಕೆಲಸಗಳಲ್ಲಿ ನೀರು ಕಾಯಿಸುವಷ್ಟು ಭಾರದ ಕೆಲಸ ಬಹಳ ಇಲ್ಲ. ಆ ಭಾರವನ್ನು ಇಷ್ಟು ವರ್ಷ ಸಿಪ್ಪೆ, ಮಡಲು ಹೊತ್ತಿದ್ದವು ಎನ್ನಬಹುದು. ನಿಜವಾಗಿ ಹೊತ್ತದ್ದು ಒಬ್ಬಳ ಎದೆಗೂಡು.

ಅಮ್ಮನನ್ನು ಸ್ಟೆಬಿಲೈಸರಿನ ಮುಂದೆ ನಿಲ್ಲಿಸಿ ಅಂಕಿ ಏರುವುದು ಇಳಿಯುವುದು ತೋರಿಸಿದೆ. ಮೊದಲು ಟ್ಯಾಂಕ್ ತುಂಬಿಸುವುದು, ಮೋಟರ್ ಬಂದ್ ಮಾಡುವುದು, ಆಮೇಲೆ ಗೀಸರ್ ಹಾಕುವುದು ಎಂದು ಹೇಳಿದೆ. ಟ್ಯಾಂಕ್ ತುಂಬಿದೆಯೆಂದು ನಾನೇ ಏಣಿ ಹತ್ತಿ ನೋಡಿ ಬಂದ ಮೇಲೆಯೇ ಅವಳು ಒಪ್ಪಿದ್ದು. ವೈರ್ ಬದಲಾಯಿಸಲು ಅಪ್ಪಯ್ಯ ಅರ್ಜಿ ಕೊಟ್ಟರು. ಅದು ಮಳೆ ಕಳೆದ ಮೇಲಿನ ಮಾತು ಎಂದು ಗೊತ್ತಾಯಿತು. ಅಕ್ಕ ಅಷ್ಟು ದಿನ ಕಾಯುವ ಹಾಗಿರಲಿಲ್ಲ.

ಬಿಸಿಯ ಪ್ರಶ್ನೆ ಮುಗಿಯಿತು ಎಂದು ನಾನು ಎಣಿಸಿದರೆ ದೊಡ್ಡಮ್ಮ ಮುಂದಿನ ಬಾಣ ಬಿಟ್ಟಳು.

"ಬಾಣಂತಿಗೆ ಹಂಡಿ ತುಂಬ ನೀರ್ ಬೇಕ್ ಹೆಣೆ. ನಿನ್ ಡಬ್ಬದಂಗೆ ಬಪ್ಪುದ್ ಒಂದ್ ಬಕೆಟ್. ಒಂದ್ ಬಕೆಟ್ ಹೊಯ್ದ್, ಇನ್ನೊಂದ್ ಕಾಯುವರಿಗೆ ಅವ್ಳ್ ಎಣ್ಣಿ ಮೈಯಂಗೆ ನಡುಗ್ತಾ ಕೂಕಣ್ಕಾ?"

"ಮೊದ್ಲೇ ಬಕೆಟ್ ಬಕೆಟ್ ಕಾಯ್ಸಿ ಹಂಡಿ ತುಂಬ್ಸಿಡುದ್."

"ಕಡೀ ಬಕೆಟ್ ಕಾಯುವರಿಗೆ ಮೊದ್ಲಿನ್ ಬಕೆಟ್ ತಣ್ಣಗ್ ಆಯ್ತ್ ಹೋತ್ತ್."

ಇದನ್ನು ಹೇಳುವಾಗ ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತು, ಅನ್ನದ ಡಬ್ಬದ ಮೇಲೆ ಮೊಣಕೈ ಊರಿದ್ದಳು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇರುವಂಥದ್ದು. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಲ್ಲ, ಅದಕ್ಕೆ ಅಕ್ಕಿಯನ್ನು ಒಂದು ಕುದಿ ಕುದಿಸಿ, ಪಾತ್ರೆ ಸಮೇತ ಈ ದಪ್ಪಗೋಡೆಯ ಡಬ್ಬದೊಳಗಿಟ್ಟು ಮುಚ್ಚಿಬಿಡುವುದು. ಗ್ಯಾಸ್ ಆರಿಸಿದ ಮೇಲೂ ಅನ್ನ ಒಳಗೆ ತನ್ನಷ್ಟಕ್ಕೆ ಬೇಯುತ್ತದೆ. ನಾನು ಆ ಡಬ್ಬವನ್ನು ನೋಡಿದೆ. ಅವಳು ನನ್ನ ಕಣ್ಣು ಹೋದ ಕಡೆ ನೋಡಿದಳು.

"ಎಂತ?" ಅಂದಳು.

"ಅದ್ರೊಳ್ಗೆ ಈಗ ಎಂತ ಉರೀತಿತ್ತ್ ದೊಡ್ಡಮ್ಮ?"

"ಅದ್ರೊಳ್ಗ್ ಎಂತ ಉರಿತ್ತ್? ಬಿಸಿ ಹೊರಗ್ ಹೋತಿಲ್ಲ, ಅಷ್ಟೇ..." ಎಂದವಳು ಅಲ್ಲಿಗೇ ನಿಂತು, ಡಬ್ಬದ ಮೇಲಿನಿಂದ ಮೊಣಕೈ ತೆಗೆದಳು. "ಹೋಗ್, ಮಹಾ ಲಾಯರ್!"

ನಾನು ಗೆದ್ದ ಉಮೇದಿನಲ್ಲಿ ಅವತ್ತೇ ಹಂಡೆಯನ್ನು ಗೀಸರಿನ ನೀರಿನಿಂದ ತುಂಬಿಸಿ, ಬಾಯಿಗೆ ಮರದ ಮುಚ್ಚಳ ಹಾಕಿ, ಅದರ ಮೇಲೆ ಹಳೆಯ ಕಂಬಳಿ, ಗೋಣಿ ಎಲ್ಲ ಹೊದಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಬಾತುಕೋಳಿಯನ್ನು ಇಳಿಸಿ ನೋಡಿದರೆ ಅಂಕಿ ನಾನೆಣಿಸಿದ್ದಕ್ಕಿಂತ ಬಹಳ ಕೆಳಗಿತ್ತು. ಏನು ತಪ್ಪಿತೆಂದು ಮೇಲಿನ ಗೋಣಿಯನ್ನೇ ಸರಿಪಡಿಸುತ್ತಾ ನಿಂತ ನನ್ನನ್ನು ಕಂಡು ದೊಡ್ಡಮ್ಮ ಬಾಗಿಲಲ್ಲೇ ನಕ್ಕಳು. ಹೊಗೆಯಿಲ್ಲದ್ದರಿಂದ ಅವಳು ಆ ಬಾಗಿಲಿಗೆ ಬಂದು ನಿಲ್ಲುವಂತಾಗಿತ್ತು.

"ತಲಿಗ್ ಕಂಬ್ಳಿ ಹೊದ್ಸಿ ಕಾಲ್ ಹೊರಗ್ ಬಿಟ್ಟಿದ್ದೆ ಅಲ್ದಾ. ಒಲಿ ಬಾಯಿ ಕಾಣ್."

ನಿಜ. ಹಂಡೆಯ ಕೆಳಗೆ ಒಲೆ ಖಾಲಿ ಗವಿಯಂತೆ ತೆರೆದುಕೊಂಡಿತ್ತು. ಹಿಂದಿನ ಹೊಗೆಗಂಡಿಯಿಂದ ಗಾಳಿ ಬಂದು ಮುಂದಿನ ಬಾಯಿಯಿಂದ ಹೋಗುತ್ತಾ ತಾಮ್ರದ ತಳವನ್ನು ತಂಪು ಮಾಡುತ್ತಿತ್ತು. ಬೆಂಕಿ ಉರಿಯಲೆಂದು ಮಾಡಿದ ದಾರಿಯೇ ಈಗ ಬಿಸಿ ಕದಿಯುವ ದಾರಿಯಾಗಿತ್ತು. ಮರುದಿನ ಅಪ್ಪಯ್ಯ ತಣ್ಣಗಾದ ಬೂದಿಯನ್ನೆಲ್ಲ ಬಳಿದು ತೆಗೆದರು. ದೊಡ್ಡಮ್ಮ ಕೊಟ್ಟಿಗೆಯಿಂದ ಒಣ ಬೈಹುಲ್ಲು ತರಿಸಿ, ಒಲೆಯ ಮುಂದೆ ತನ್ನ ಹಳೆಯ ಮಣೆಯ ಮೇಲೆ ಕೂತು, ಹಿಡಿ ಹಿಡಿಯಾಗಿ ಹುಲ್ಲನ್ನು ಒಳಗೆ ದೂಡಿ ಹಂಡೆಯ ಸುತ್ತ ಗಿಡಿದಳು. ಹೊಗೆಗಂಡಿಗೂ ಹುಲ್ಲು ತುರುಕಿಸಿದಳು. ಕೊನೆಗೆ ಗೋಣಿಯ ಮುದ್ದೆಯೊಂದನ್ನು ಒಲೆಯ ಬಾಯಿಗೆ ಇಟ್ಟು ಅಂಗೈಯಿಂದ ಒತ್ತಿದಳು. ಸಿಪ್ಪೆ ದೂಡಿ ದೂಡಿ ಅಭ್ಯಾಸವಾದ ಕೈಗಳು ಅದೇ ರೀತಿಯಲ್ಲಿ ಹುಲ್ಲು ದೂಡುವುದನ್ನು ನಾನು ನೋಡುತ್ತಾ ನಿಂತಿದ್ದೆ. ಬೆಂಕಿ ಹಾಕುವ ಕೆಲಸವಲ್ಲ, ಬೆಂಕಿಯ ಮನೆಗೆ ಬಾಗಿಲು ಹಾಕುವ ಕೆಲಸ. ಅವಳು ಊದುಕೊಳವೆಯನ್ನು ಮಾತ್ರ ತೊಳೆದು ಅಟ್ಟಕ್ಕೆ ಕಳಿಸಿದಳು, ಬಿಸಾಡಲು ಬಿಡಲಿಲ್ಲ.

ಆ ಸಂಜೆ ಬಾತುಕೋಳಿಯ ಹೊಟ್ಟೆ ಒಳ್ಳೆಯ ಸುದ್ದಿ ಹೇಳಿತು. ಹೆಮ್ಮಾಡಿಗೆ ಯಾರೂ ಫೋನ್ ಮಾಡಲಿಲ್ಲ.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದು, ಡಾಕ್ಟರು ಮೀಯಬಹುದು ಅಂದ ದಿನ ಬೆಳಿಗ್ಗೆ ಬೇಗ ಎದ್ದು ಟ್ಯಾಂಕ್ ತುಂಬಿಸಿ ಮೋಟರ್ ಬಂದ್ ಮಾಡಿದೆ. ಆಮೇಲೆ ಗೀಸರಿನ ಕೆಲಸ. ಒಂದು ಸುತ್ತು ಕಾಯುವುದು, ಹಂಡೆಗೆ ಬಿಡುವುದು, ಮುಚ್ಚುವುದು, ಮತ್ತೆ ಕಾಯುವುದು. ಹೊರಗೆ ಜೋರು ಮಳೆ, ತೆಂಗಿನ ಮರಗಳು ತಲೆ ಬಡಿದುಕೊಳ್ಳುವಷ್ಟು ಗಾಳಿ. ಇಂಥ ದಿನ ಕರೆಂಟನ್ನು ನಂಬುವುದು ಕಷ್ಟ. ನಾನು ಪ್ರತಿ ಸುತ್ತಿಗೂ ಸ್ವಿಚ್ಚಿನ ಕೆಂಪು ದೀಪವನ್ನು ನೋಡುತ್ತಾ, ಇದೊಂದು ಸಲ, ಇದೊಂದು ಸಲ ಎಂದುಕೊಳ್ಳುತ್ತಿದ್ದೆ. ಯಾರನ್ನು ಬೇಡಿಕೊಳ್ಳುತ್ತಿದ್ದೆನೆಂದು ಕೇಳಿದರೆ ಉತ್ತರವಿಲ್ಲ. ಹಂಡೆ ತುಂಬಿತು. ಗೀಸರ್ ಬಂದ್ ಮಾಡಿದೆ.

ದೊಡ್ಡಮ್ಮ ಎಣ್ಣೆಯ ಗಿಂಡಿ ಹಿಡಿದು ಬಂದಳು. ಅಭ್ಯಾಸದಂತೆ ಒಲೆಯ ಮುಂದೆ ನಿಂತು ಕೈ ಎತ್ತಿದವಳು, ಅಲ್ಲಿ ಗೋಣಿಯ ಮುದ್ದೆಯನ್ನು ಕಂಡು ಕೈಯನ್ನು ಹಾಗೇ ಕೆಳಗಿಳಿಸಿದಳು. ಆಮೇಲೆ ಅಕ್ಕನನ್ನು ಒಳಗೆ ಕರೆದು ಬಾಗಿಲು ಎಳೆದುಕೊಂಡಳು. ನಾನು ಮಗುವನ್ನು ಹಿಡಿದುಕೊಂಡು ಹೊರಗೆ ಸೂರಿನ ಕೆಳಗೆ ನಿಂ‍ತೆ.

ನೀರು ಹೊಯ್ಯುವ ಸದ್ದು ಶುರುವಾಯಿತು. ಅದರ ಜೊತೆಗೆ ದೊಡ್ಡಮ್ಮನ ಮಾತೂ. ಬೆನ್ನು ಬಗ್ಗಿಸು, ಹೀಗೆ ಕೂರು, ಏನು ತಿನ್ನುತ್ತೀಯಾ, ನಿನ್ನ ಅತ್ತೆ ಏನಂದರು, ನೀನು ಹುಟ್ಟಿದಾಗ ಇಷ್ಟಿದ್ದೆ. ಒಂದೇ ಸಮನೆ ಮಾತು. ಆ ಬಚ್ಚಲಿನಿಂದ ನಾನು ಅಷ್ಟು ವರ್ಷ ಕೇಳಿದ್ದು ಅವಳ ಕೆಮ್ಮನ್ನು. ಅಲ್ಲಿ ಅವಳಿಗೆ ಇಷ್ಟೊಂದು ಮಾತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ದೂರದಲ್ಲೆಲ್ಲೋ ಮರ ಮುರಿದ ಸದ್ದಾಯಿತು. ಬಚ್ಚಲಿನ ಬಲ್ಬು ಆರಿತು, ಅಡುಗೆಮನೆಯ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.

"ಅಯ್ಯೋ, ಕರೆಂಟ್ ಹೋಯ್ತ್!" ಅಮ್ಮ ಒಳಗಿನಿಂದ ಕೂಗಿದಳು. "ಅಕ್ಕಾ, ನೀರಿಗೆಂತ ಮಾಡುದ್?"

"ಹೋರೆ ಹೋಯ್ಲಿ," ಎಂದಳು ದೊಡ್ಡಮ್ಮ, ನೀರು ಹೊಯ್ಯುವುದನ್ನು ನಿಲ್ಲಿಸದೆ. "ಅದ್ರ್ ಕೆಲ್ಸ ಆಯ್ತ್. ಹಂಡಿಯಂಗ್ ಇದ್ದದ್ ಎಲ್ಲಿಗ್ ಹೋತ್ತ್?"

ಚರ್ಚಾಸ್ಪರ್ಧೆಯಲ್ಲಿ ನಾನು ಹಲವು ಸಲ ಚಪ್ಪಾಳೆ ಗಿಟ್ಟಿಸಿದ್ದೇನೆ. ಮಳೆಯ ಸದ್ದಿನ ನಡುವೆ, ಅರೆಗತ್ತಲಿನ ಬಚ್ಚಲಿನಿಂದ ಬಂದ ಆ ಮಾತು ಅದೆಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು. ಕಂಬದ ಮೇಲಿನಿಂದ ಬಂದು, ನಮ್ಮ ಸಪೂರ ವೈರಿನಲ್ಲಿ ನುಸುಳಿ, ನೀರಿನೊಳಗೆ ಬಿಸಿಯಾಗಿ ಕೂತು, ಹೇಳದೆ ಹೊರಟುಹೋದ ಕರೆಂಟಿನ ಮೇಲೆ ಅವತ್ತು ನನಗೆ ಸಿಟ್ಟು ಬರಲಿಲ್ಲ. ಬೇಕಾದಷ್ಟು ಹೊತ್ತು ನಿಂತು ಹೋಯಿತಲ್ಲ ಎಂದು ಅನಿಸಿತು.

ಅಕ್ಕನ ಮೈಯಿಂದ ಹಬೆ ಏಳುತ್ತಿತ್ತು, ಮುಖ ಕೆಂಪಗಾಗಿತ್ತು. ಅಮ್ಮ ಅವಳನ್ನು ಹೊದಿಸಿ ಒಳಗೆ ಕರೆದೊಯ್ದು ಮಲಗಿಸಿದಳು. ಮಗುವೂ ದೊಡ್ಡಮ್ಮನ ಕಾಲಿನ ಮೇಲೆ ಮಿಂದು, ಅತ್ತು, ನಿದ್ದೆ ಹೋಯಿತು. ಅದನ್ನೂ ಒಳಗೆ ಕೊಟ್ಟು ಬರುವಾಗ ದೊಡ್ಡಮ್ಮ ಬಚ್ಚಲಿನ ಹೊರಗೋಡೆಯ ಹತ್ತಿರ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಕೈಯನ್ನು ಗೀಸರಿನ ಸ್ವಿಚ್ಚಿನ ಕಡೆಗೆ ಚಾಚುತ್ತಿದ್ದಳು.

"ದೊಡ್ಡಮ್ಮಾ! ಒದ್ದಿ ಕೈಯಂಗ್ ಮುಟ್ಬೇಡ!"

ಅವಳು ಬೆಚ್ಚಿ ಕೈ ಹಿಂದೆಗೆದುಕೊಂಡಳು. "ಮುಟ್ಟುಕಲ್ದೇ, ಕೈ ಮುಗೂಕ್ ಹೊರ್ಟದ್ದ್. ಬೆಂಕಿಗಾರೆ ಮೊದ್ಲೇ ಮುಗಿತಿದ್ದೆ. ಇದಕ್ಕ್ ಬೆಳಿಗ್ಗೆ ಬಿಟ್ಟ್ ಹೋಯ್ತ್."

"ದೂರದಿಂದ್ ಮುಗಿರೆ ಸಾಕ್."

"ಒಲಿಗ್ ಹತ್ರ ಹೋಯಿ ಮುಗಿತಿದ್ದೆ. ಇದಕ್ಕೆಂತ ದೂರ?"

ನಾನು ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಅವಳ ಕೈ ಒರೆಸಿದೆ, ಬೆರಳುಗಳ ಸಂದಿಯನ್ನೂ ಬಿಡದೆ. ಎಣ್ಣೆ, ಅರಿಶಿನದ ವಾಸನೆ. ಹೊಗೆಯ ವಾಸನೆ ಇರಲಿಲ್ಲ. ಒರೆಸಿದ ಎರಡೂ ಕೈಗಳನ್ನು ಜೋಡಿಸಿ ಅವಳು ಆ ಬಿಳಿಯ ಪ್ಲಾಸ್ಟಿಕ್ ಸ್ವಿಚ್ಚಿನ ಮುಂದೆ ಕಣ್ಣು ಮುಚ್ಚಿದಳು.

"ದೊಡ್ಡಮ್ಮ, ಈಗ ಅದ್ರಂಗೆ ಕರೆಂಟೇ ಇಲ್ಲ," ಅಂದೆ. ಬಾಯಿಚಪಲ.

"ಗೊತ್ತಿತ್ತ್," ಎಂದಳು, ಕಣ್ಣು ಮುಚ್ಚಿಕೊಂಡೇ. "ಕರೆಂಟ್ ಇಲ್ದಿಪ್ಪೊತ್ತಿಗ್ ಮುಗಿರೆ ಶಾಕ್ ಹೊಡಿತಿಲ್ಲಲ್ದಾ?"

ಅದಕ್ಕೂ ನನ್ನಲ್ಲಿ ಆಕ್ಷೇಪವಿತ್ತು. ಹೋದ ಕರೆಂಟು ಯಾವ ಕ್ಷಣದಲ್ಲೂ ಬರಬಹುದು. ಅವಳು ಕಣ್ಣು ಬಿಡುವವರೆಗೆ ಬೈರಾಸು ಹಿಡಿದುಕೊಂಡು ಪಕ್ಕದಲ್ಲೇ ನಿಂತೆ.